ಯೆಲ್ಚೆಯ ಕಿಟಕಿ

ಹಾರ್ಲಿಂಗನ್ ಊರಿನ ನಮ್ಮ ಬೀದಿಯಲ್ಲಿ ಹಗಲು ಯಾರೂ ಪರದೆ ಎಳೆಯುವುದಿಲ್ಲ. ಕಿಟಕಿಗಳು ದೊಡ್ಡವು, ಬೀದಿ ಕಿರಿದು. ಎದುರು ಮನೆಯ ಊಟದ ತಟ್ಟೆಯೂ ಕಾಣುತ್ತದೆ. ಆದರೆ ನಿಂತು ನೋಡುವ ಅಭ್ಯಾಸ ಯಾರಿಗೂ ಇಲ್ಲ. ಹಾಗಾಗಿ ಯೆಲ್ಚೆ ಪರದೆ ಎಳೆದಾಗ ಬೀದಿಯಲ್ಲಿ ಮಾತೆದ್ದಿತು.

ಯೆಲ್ಚೆ ಗಡಿಯಾರ ರಿಪೇರಿ ಮಾಡುವವಳು, ನನ್ನ ಪಕ್ಕದ ಮನೆ. ಐವತ್ತೆಂಟು ವರ್ಷ, ಒಂಟಿ ಹೆಂಗಸು. ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮುಟದಲ್ಲಿ ಹಿಡಿಯಲು ಅವಳಿಗೆ ಹಗಲಿನ ಬೆಳಕೇ ಆಗಬೇಕು. ದೀಪದಡಿ ಹಿತ್ತಾಳೆ ಕಣ್ಣು ಕುಕ್ಕುತ್ತದೆ.

ಆ ಸೆಪ್ಟೆಂಬರಿನಲ್ಲಿ ಎದುರು ಮನೆಗೆ ವೊಬ್ಬೆ ಎಂಬಾತ ಬಂದ. ಬೆಳಗಿನಿಂದ ಸಂಜೆಯವರೆಗೂ ಕುರ್ಚಿ ಹಾಕಿಕೊಂಡು ಅವಳ ಕಿಟಕಿಯನ್ನೇ ನೋಡುತ್ತಿದ್ದ. ಒಂದು ದಿನ ಬ್ರೆಡ್ಡಿನ ಅಂಗಡಿಯಲ್ಲಿ ಅವಳನ್ನೇ ಕೇಳಿದ: "ಮಂಗಳವಾರ ಹಸಿರು ಕೋಟಿನೋರು ಬಂದಿದ್ರಲ್ಲ, ನಲವತ್ತು ನಿಮಿಷ ಕೂತಿದ್ರು. ಯಾರವರು?"

ಯೆಲ್ಚೆ ಬ್ರೆಡ್ಡು ತೆಗೆದುಕೊಂಡು ಹೊರಟಳು. ಮನೆಗೆ ಬಂದು ಪರದೆ ಎಳೆದಳು.

ನವೆಂಬರಿನಲ್ಲಿ, ಆ ಕತ್ತಲ ಕೋಣೆಯಲ್ಲಿ, ಯಾರದೋ ಅಜ್ಜನ ಕೈಗಡಿಯಾರದ ಚಕ್ರದ ಅಚ್ಚು ಅವಳ ಕೈಯಲ್ಲೇ ಮುರಿಯಿತು. "ಮೂವತ್ತು ವರ್ಷದಲ್ಲಿ ಇದೇ ಮೊದಲು ಕಣೇ" ಎಂದು ನನ್ನೆದುರು ಕೂತುಬಿಟ್ಟಳು. ನಾನು ಗಾಜಿನ ಕೆಲಸದ ಸೀಟ್ಸೆಯನ್ನು ಕರೆತಂದೆ.

ಸೀಟ್ಸೆ ಕೋಣೆ ನೋಡಿ ಹೇಳಿದ: "ಅವನ ಜೊತೆ ಬೆಳಕನ್ನೂ ಆಚೆಗೆ ಹಾಕಿದೀರಲ್ಲಮ್ಮ. ಕೆಳಗಿನರ್ಧ ಮಬ್ಬು ಗಾಜು ಹಾಕೋಣ, ಮೇಲಿನರ್ಧ ಹಾಗೇ ಇರ್ಲಿ. ಬೆಳಕು ಬರತ್ತೆ, ಕಣ್ಣು ಬರಲ್ಲ."

ಗಾಜು ಕೂರಿಸಿದ ಮಾರನೆಯ ದಿನ ನಾನು ಅಲ್ಲೇ ಇದ್ದೆ. ಕೋಣೆ ಹಾಲು ಚೆಲ್ಲಿದಂತೆ ಬೆಳಗಿತ್ತು. ಇದ್ದಕ್ಕಿದ್ದಂತೆ ಗಾಜಿನ ಮೇಲೆ ಒಂದು ನೆರಳು ಬಂತು. ದೊಡ್ಡದಾಗುತ್ತಾ ಬಂದು, ಗಾಜಿಗೆ ಅಂಟಿದಂತೆ ನಿಂತಿತು. ಯೆಲ್ಚೆಯ ಚಿಮುಟ ಮೇಜಿನ ಮೇಲೆ ಟಕಟಕ ನಡುಗಿತು. ನಾನು ಪರದೆಯತ್ತ ಕೈ ಚಾಚಿದೆ.

"ಬೇಡ" ಎಂದು ಎದ್ದು, ಹೋಗಿ ಬಾಗಿಲು ತೆರೆದಳು.

"ಏನ್ ಬೇಕಿತ್ತು ನಿಮಗೆ?"

"ಬೀದಿ ಎಲ್ಲರದು" ಎಂದ ವೊಬ್ಬೆ. "ನಿಲ್ಲೋಕೆ ನಿಮ್ಮಪ್ಪಣೆ ಬೇಕಾ? ಮುಚ್ಚಿಡೋಂಥದ್ದು ಏನಿದೆ ಒಳಗೆ?"

"ನನ್ನ ಕೈ ಇದೆ. ನೀವು ನೋಡ್ತಿದ್ರೆ ಅದು ನಡುಗತ್ತೆ. ನಡುಗಿದ್ರೆ ನನಗೆ ಊಟ ಇಲ್ಲ." ಅವಳು ದನಿ ಏರಿಸಲಿಲ್ಲ. ಆದರೆ ಅಕ್ಕಪಕ್ಕದ ಬಾಗಿಲುಗಳು ತೆರೆದಿದ್ದವು, ಜನ ಹೊಸಿಲಲ್ಲಿ ನಿಂತಿದ್ದರು. ವೊಬ್ಬೆ ಅವರನ್ನು ನೋಡಿ ಹಿಂದಿರುಗಿದ.

ಅಷ್ಟಕ್ಕೇ ಮುಗಿಯಲಿಲ್ಲ. ವಾರದೊಳಗೆ ಅವನ ಕುರ್ಚಿ ಮಹಡಿಗೇರಿತು. ಅಲ್ಲಿಂದ ಮೇಲಿನರ್ಧ ಗಾಜಿನೊಳಗೆ ಅವಳ ಮೇಜು ನೇರ ಕಾಣುತ್ತಿತ್ತು. ಸೀಟ್ಸೆ ಮತ್ತೆ ಬಂದ. ವೊಬ್ಬೆಯ ಕಣ್ಣು ಎಲ್ಲಿಯವರೆಗೆ ಇಳಿಯಬಹುದೆಂದು ದಾರ ಹಿಡಿದು ನೋಡಿ, ಮೇಜನ್ನು ಮಬ್ಬು ಗಾಜಿನ ಮರೆಗೆ, ಕಿಟಕಿಯ ಬುಡಕ್ಕೇ ತಳ್ಳಿಸಿದ. ಮೇಲಿನಿಂದ ನೋಡುವವನಿಗೆ ಈಗ ಬರೀ ಹಿಂದಿನ ಗೋಡೆ. ಮೇಜಿಗೆ ಮಬ್ಬು ಗಾಜಿನ ತಂಪು ಬೆಳಕು.

ಚಳಿಗಾಲವೆಲ್ಲ ಅವನು ಆ ಗೋಡೆಯನ್ನೇ ನೋಡುತ್ತ ಕೂತ. ಮಾರ್ಚಿನಲ್ಲಿ ಮನೆ ಬಿಟ್ಟುಹೋದ, ಎಲ್ಲಿಗೋ ತಿಳಿಯದು. ಯೆಲ್ಚೆ ಈಗಲೂ ಅಲ್ಲೇ ಕೆಲಸ ಮಾಡುತ್ತಾಳೆ. ಮಬ್ಬು ಗಾಜು ತೆಗೆಸೋಣವೇ ಎಂದು ಸೀಟ್ಸೆ ಕೇಳಿದಾಗ, "ಇರ್ಲಿ ಬಿಡಿ" ಎಂದಳಷ್ಟೆ.