ಜಗದಾಂಬಮ್ಮ ಕೇಳದ ಪ್ರಶ್ನೆ

ಕನ್ನಡವನ್ನು ಗಟ್ಟಿಯಾಗಿ ಕೂಗಿ ಹೇಳಿದರೆ ಜಗತ್ತಿನಲ್ಲಿ ಯಾರಿಗಾದರೂ ಅರ್ಥವಾಗುತ್ತದೆ ಎಂಬುದು ಸೊರಬದ ಮಹಿಳಾ ಸಂಘದ ಅಧ್ಯಕ್ಷೆ ಜಗದಾಂಬಮ್ಮನವರ ನಂಬಿಕೆ. ಕೃಷಿ ಓದಲು ಬಂದು, ಅತ್ತ ಕಾಬೂಲಿನಲ್ಲಿ ಸರ್ಕಾರ ಬಿದ್ದ ಮೇಲೆ ಹಿಂದಿರುಗಲಾಗದೆ ಉಳಿದ ಅಫ್ಘಾನಿ ಹುಡುಗ, ಹೆಂಡತಿ ಜರ್ಮಿನಾ ಮತ್ತು ಇಬ್ಬರು ಮಕ್ಕಳೊಂದಿಗೆ ಸಂಘದ ಹಿಂದಿನ ಮನೆಗೆ ಬಂದಂದಿನಿಂದ ಆ ದನಿ ಬೀದಿಗೆಲ್ಲ ಕೇಳುತ್ತಿದೆ: "ಜರ್ಮಿನಾ, ರೊಟ್ಟಿ ತಂದಿದೀನಿ, ಬಾಗ್ಲು ತೆಗಿಯೇ!" ಮಗು ಸೀನಿದರೆ ಕಾಳುಮೆಣಸಿನ ಕಷಾಯ, ಅತ್ತರೂ ಅದೇ ಕಷಾಯ. ಆ ಮನೆಗೆ ಹಾಲು ಕೊಡುವ ಸರದಿ ಯಾರಾದರೂ ಮರೆತರೆ ಅವರ ಕೊಟ್ಟಿಗೆಗೇ ಹೋಗಿ ನಿಂತು ಹಾಲು ಕರೆಸಿಕೊಂಡು ಬರುತ್ತಾರೆ. ವೀಸಾ ಕಾಗದ ಹಿಡಿದು ಕಚೇರಿಗೆ ಹೋದಾಗ ಗುಮಾಸ್ತರು "ನಾಳೆ ಬನ್ನಿ" ಎಂದರೆ, "ನಾಳೆವರ್ಗೂ ಇಲ್ಲೇ ಇರ್ತೀನಿ ಬಿಡ್ರೀ" ಎಂದು ಬೆಂಚಿನ ಮೇಲೆ ಎಲೆಯಡಿಕೆ ಚೀಲ ಬಿಚ್ಚುತ್ತಾರೆ. ಊರವರ ಮನೆಸುದ್ದಿಯನ್ನೆಲ್ಲ ಕೆದಕಿ ಕೇಳುವ ಈ ಹೆಂಗಸು ಜರ್ಮಿನಾಳನ್ನು ಒಂದು ಮಾತು ಮಾತ್ರ ಕೇಳಿಲ್ಲ. ಮೊನ್ನೆ ಸಂಘದ ಹೊಸ ಸದಸ್ಯೆ ಶ್ರೀಲತಾ ಅದನ್ನು ಕೇಳಿಯೇಬಿಟ್ಟಳು: "ನಿಮ್ಮೂರಿಗೆ ಯಾವಾಗ ಹೋಗ್ತೀರಿ?" ಜಗದಾಂಬಮ್ಮನವರ ದನಿ ಮೊದಲ ಸಲ ತಗ್ಗಿತು: "ಅದೊಂದು ಕೇಳ್ಬೇಡ ಮಾರಾಯ್ತಿ." ಶರಾವತಿಗೆ ಅಣೆಕಟ್ಟು ಕಟ್ಟಿ ಅವರ ಊರು ಮುಳುಗಿದಾಗ, ಲಾರಿಯೊಂದು ಮನೆಮಂದಿಯನ್ನು ಇಲ್ಲಿ ಇಳಿಸಿ ಹೋದಾಗ, ಅವರಿಗೆ ಆರು ವರ್ಷ. ಬೀದಿಯವರೆಲ್ಲ ಅವರ ಅವ್ವನನ್ನು ಇದೇ ಪ್ರಶ್ನೆ ಕೇಳುತ್ತಿದ್ದರು. ಸಾಯುವ ದಿನದವರೆಗೂ ಅವ್ವ ಕೊಟ್ಟಿದ್ದು ಒಂದೇ ಉತ್ತರ: "ನೀರು ಇಳಿದ್ಮೇಲೆ."