ಏನಿಲ್ಲ ಮೇಸ್ತ್ರಿ

ನಮ್ಮ ಮನೆಯವರಿಗೆ ಲಾರಿ ಸ್ಟ್ಯಾಂಡಿನವರು ಇಟ್ಟ ಹೆಸರು ‘ಏನಿಲ್ಲ ಮೇಸ್ತ್ರಿ’. ಲಾರಿಯ ವೈರಿಂಗ್ ಕೆಲಸದಲ್ಲಿ ಅವರದು ಎತ್ತಿದ ಕೈ. ಎಷ್ಟೇ ಕೆಟ್ಟು ಬಂದ ಗಾಡಿಯಿರಲಿ, ಎಂಜಿನ್ನಿನ ಮೇಲೆ ಬಗ್ಗಿ ನೋಡಿ ಮೊದಲು ಹೇಳುವ ಮಾತು, "ಏನಿಲ್ಲ, ಆಗುತ್ತೆ ಬಿಡಿ." ಅದನ್ನು ಕೇಳಿದರೆ ಡ್ರೈವರುಗಳಿಗೆ ಹೋದ ಜೀವ ಬಂದಂತಾಗುತ್ತಿತ್ತು. ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು, ಯಾಕೆಂದರೆ ಮನೆಯಲ್ಲೂ ಅದೇ ರಾಗ. ಸೊಂಟ ಹಿಡಿದುಕೊಂಡು ಗೋಡೆಗೆ ಒರಗಿದಾಗ ಏನಾಯ್ತು ಅಂದರೆ, ಏನಿಲ್ಲ. ಅತ್ತೆ ತೀರಿಕೊಂಡ ಮೇಲೆ ಊಟ ಬಿಟ್ಟು ಕೂತಾಗಲೂ ಏನಿಲ್ಲ. ಇವರ ಬಾಯಿಂದ ಒಂದು ನೋವಿನ ಮಾತು ಹೊರಡಿಸುವುದಕ್ಕಿಂತ ತುಕ್ಕು ಹಿಡಿದ ಬೋಲ್ಟು ಬಿಚ್ಚುವುದು ಸುಲಭ.

ನನ್ನ ತಮ್ಮನಿಗೊಂದು ಸ್ವಂತ ಲಾರಿಯಿದೆ. ಹೆಂಚು ಹೇರಿಕೊಂಡು ಗುಡ್ಡ ಹತ್ತುವಾಗೆಲ್ಲ ಅದರ ಎಂಜಿನ್ ಕಾದು, ತಾನಾಗಿಯೇ ಶಕ್ತಿ ತಗ್ಗಿಸಿಕೊಂಡು ತೆವಳುತ್ತಿತ್ತು. ಹಿಂದಿನವರ ಹಾರ್ನು ಕೇಳಿ ಕೇಳಿ ಅವನಿಗೆ ಸಾಕಾಗಿತ್ತು. "ಭಾವ, ಏನಾದ್ರೂ ಮಾಡಿ" ಎಂದು ಇವರಿಗೆ ದುಂಬಾಲು ಬಿದ್ದ.

ಎಂಜಿನ್ ಎಷ್ಟು ಬಿಸಿಯಾಗಿದೆಯೆಂದು ಅದರ ಕಂಪ್ಯೂಟರಿಗೆ ತಿಳಿಸಲು ಒಂದು ಸೆನ್ಸರ್ ಇರುತ್ತದೆ; ಬಿಸಿ ಹೆಚ್ಚಾದರೆ ಶಕ್ತಿ ತಗ್ಗಿಸುವುದು ಆ ಕಂಪ್ಯೂಟರೇ. ಇವರು ಅದರ ವೈರಿನ ನಡುವೆ ಅಕ್ಕಿಕಾಳಿಗಿಂತ ಚೂರು ದೊಡ್ಡದಾದ ರೆಸಿಸ್ಟರ್ ಬೆಸೆದು ಟೇಪು ಸುತ್ತಿದರು. ಅಷ್ಟೇ. ಆಮೇಲೆ ಎಂಜಿನ್ ಎಷ್ಟೇ ಕುದಿಯಲಿ, ಕಂಪ್ಯೂಟರಿಗೆ ಮುಟ್ಟುವ ಸುದ್ದಿ ಒಂದೇ: ಏನಿಲ್ಲ. ತಮ್ಮ ಒಂದು ಸುತ್ತು ಓಡಿಸಿ ಬಂದು ಭಾವನನ್ನು ತಬ್ಬಿಕೊಂಡ. ಮರುದಿನ ಬೆಳಿಗ್ಗೆ ಹೆಂಚು ತುಂಬಿಕೊಂಡು ಹೊರಟ.

ಮಧ್ಯಾಹ್ನ ಊಟಕ್ಕೆ ಕೂತಾಗ ಇವರು ಮೀಸೆಯಡಿ ನಗುತ್ತ ತಮ್ಮ ಕೈಚಳಕವನ್ನು ವರ್ಣಿಸಿದರು. ನನಗೆ ಒಂದೇ ಅನುಮಾನ.

"ಅಲ್ಲ ರೀ, ಮತ್ತೆ ಆ ಬಿಸಿ ಎಲ್ಲಿಗೆ ಹೋಯ್ತು?"

"ಎಲ್ಲಿಗೆ ಹೋಗುತ್ತೆ? ಅಲ್ಲೇ ಇರುತ್ತೆ. ಗೊತ್ತಾಗಲ್ಲ ಅಷ್ಟೇ."

"ಯಾರಿಗೆ ಗೊತ್ತಾಗಲ್ಲ? ಅವನಿಗಾ?"

ಇವರ ತುತ್ತು ಕೈಯಲ್ಲೇ ಉಳಿಯಿತು. ಹಿಂದೆಯೂ ಇಂಥ ಕೆಲಸ ಮಾಡಿದ್ದರು, ಆದರೆ ಆ ಗಾಡಿಗಳೆಲ್ಲ ಬಯಲಲ್ಲಿ ಓಡುವಂಥವು. ಕೈ ತೊಳೆಯುವಷ್ಟೂ ವ್ಯವಧಾನವಿಲ್ಲದೆ ಫೋನ್ ಹಚ್ಚಿದರು. ತಮ್ಮ ಎತ್ತಿದಾಗ ಸ್ಪೀಕರಿನ ತುಂಬ ಎಂಜಿನ್ನಿನ ಆರ್ಭಟ.

"ಅರ್ಧ ಗುಡ್ಡ ಹತ್ತಿಬಿಟ್ಟೆ ಭಾವ! ಬಿಸಿ ತೋರಿಸೋ ಮುಳ್ಳು ಮಧ್ಯದಲ್ಲೇ ಇದೆ. ಏನಿಲ್ಲ!"

"ಆ ಮುಳ್ಳು ನಾನು ಹೇಳಿಕೊಟ್ಟಿದ್ದನ್ನೇ ಹೇಳ್ತಿದೆ ಕಣೋ, ನಂಬಬೇಡ! ಈಗ್ಲೇ ಪಕ್ಕಕ್ಕೆ ಹಾಕಿ ಇಳಿ!"

"ಏನೋ ಸುಟ್ಟ ವಾಸನೆ..." ಅಷ್ಟರಲ್ಲಿ ಫೋನ್ ಕಟ್ಟಾಯಿತು.

ಮತ್ತೆ ಮಾಡಿದರೆ ಹೋಗಲಿಲ್ಲ. ಬಾಯಿಗೆ ಬಂದಂತೆ ಬೈದೆ. ಇವರು ಎಂಜಲು ಒಣಗಿದ ಕೈಯಲ್ಲಿ ಫೋನ್ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಎಷ್ಟೋ ಹೊತ್ತಿನ ಮೇಲೆ ಯಾರದೋ ಫೋನಿನಿಂದ ತಮ್ಮನ ಕರೆ ಬಂತು. ಗಾಡಿ ನಿಲ್ಲಿಸಿದ್ದನಂತೆ, ಬರುತ್ತಿದ್ದಾನಂತೆ.

ಸಂಜೆ ಇನ್ನಾರದೋ ಲಾರಿ ಅವನನ್ನು ನಮ್ಮ ಬಾಗಿಲಿಗೆ ಇಳಿಸಿತು. ಗುಡ್ಡದಲ್ಲಿ ಅವನು ತನ್ನ ಗಾಡಿಯಿಂದ ಇಳಿದು ಮುಂದಿನ ಚಕ್ರಕ್ಕೆ ಕಲ್ಲು ಕೊಡುವಾಗ ರೇಡಿಯೇಟರಿನ ಪೈಪು ಸಿಡಿದಿತ್ತು. ಎಂಜಿನ್ ಬಿರುಕು ಬಿಟ್ಟಿತ್ತು. ಇಷ್ಟೆಲ್ಲ ಹೇಳುವಾಗ ಅವನ ಬಲಗೈ ಬೆನ್ನ ಹಿಂದಿತ್ತು.

"ಕೈಗೇನಾಯ್ತೋ?" ಎಂದೆ.

"ಏನಿಲ್ಲ ಅಕ್ಕ."

ಇವರು ಆ ಕೈಯನ್ನು ಮೆಲ್ಲಗೆ ಮುಂದಕ್ಕೆ ತಂದರು. ಕುದಿನೀರು ಸಿಡಿದು ಮೊಣಕೈವರೆಗೂ ಬೊಬ್ಬೆ. ಮೆಟ್ಟಿಲ ಮೇಲೆ ಕೂತು, ಅದನ್ನು ತೊಡೆಯ ಮೇಲಿಟ್ಟುಕೊಂಡು, ತಲೆ ಎತ್ತದೆ ಹೇಳಿದರು: "ಏನಿಲ್ಲ ಅನ್ನಬೇಡ ಕಣೋ. ಫೋನ್ ಕಟ್ಟಾದಾಗ ನಂಗೆ ತುಂಬಾ ಹೆದರಿಕೆ ಆಯ್ತು."

ಮದುವೆಯಾದಾಗಿನಿಂದ ಆ ಬಾಯಲ್ಲಿ ಇಂಥ ಮಾತು ಕೇಳಿದ್ದು ಅದೇ ಮೊದಲು. ಮಧ್ಯಾಹ್ನದಿಂದ ಕುದಿಯುತ್ತಿದ್ದ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಅಳು ಬಂತು. ತಮ್ಮನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲು ಇವರು ಎದ್ದಾಗ, ಒಂದು ಕೈ ಗೋಡೆ ಹಿಡಿಯಿತು.

"ಸೊಂಟ?" ಎಂದೆ.

ಅವರು ಬಾಯಿ ತೆರೆದರು, ನನ್ನನ್ನು ನೋಡಿದರು, ಮುಚ್ಚಿದರು. ಆಮೇಲೆ ಹೇಳಿದರು, "ನೋಯುತ್ತೆ."