ಎದುರಾಳಿಯ ಕಡೆಯವನು

ಉಟಗಿಯ ಅಪ್ಪಾಸಾಬನೊಡನೆ ಚೌಕಾಬಾರ ಆಡಿ ಸೋಲುವುದು ಬಲು ಕಷ್ಟ. ನಾಲ್ಕೂ ಕವಡೆ ಅಂಗಾತ ಬಿದ್ದರೆ ಇನ್ನೊಮ್ಮೆ ಹಾಕಬೇಕೆಂಬುದನ್ನು ಎದುರಿನವರು ಮರೆತರೆ, "ನಿಮ್ಮ ಪಾಳಿ ಮುಗದಿಲ್ರಿ, ಹಾಕ್ರಿ" ಎಂದು ಅವನೇ ಗದರಿಸುತ್ತಾನೆ. ಜತ್ತದ ಎಸ್ಟಿ ಬಸ್ಸು ಬಂತೆಂದು ಯಾರಾದರೂ ನಡುವೆಯೇ ಎದ್ದು ಓಡಿದರೆ, ಇಬ್ಬರ ಪಾಳಿಯನ್ನೂ ತಾನೇ ಆಡಿ ಮುಗಿಸುತ್ತಾನೆ; ಮರುದಿನ ಅವರು ಬಸ್ಸಿನಿಂದ ಇಳಿಯುವಾಗ "ನಿನ್ನಿ ನೀವ ಗೆದ್ದ್ರಿ" ಎಂದು ಮುಖ ಸಪ್ಪಗೆ ಮಾಡಿಕೊಂಡು ವರದಿ ಒಪ್ಪಿಸುತ್ತಾನೆ. ನೆರೆಮನೆಯ ಯಮನವ್ವನನ್ನು ಒಮ್ಮೆಯಾದರೂ ಸೋಲಿಸಬೇಕೆಂಬುದು ಅವನ ಬಹುಕಾಲದ ಆಸೆ. ಈ ಪಂಚಮಿಗೆ ಅದು ಕೈಗೆ ಬಂದೇಬಿಟ್ಟಿತ್ತು. ಅವನ ಕೊನೆಯ ಕಾಯಿ ಹಣ್ಣಾಗಲು ಒಂದೇ ಮನೆ ಬಾಕಿ ಇತ್ತು. ಆಗ ಮುದುಕಿಗೆ ನಾಲ್ಕು ಬಿತ್ತು. ಆಕೆ ತನ್ನ ಕಾಯಿಯನ್ನು ಅವನ ಕಾಯಿಯ ಬೆನ್ನಿಗೇ ತಂದಿಟ್ಟು, ಕವಡೆಗಳನ್ನು ಅವನತ್ತ ತಳ್ಳಿದಳು. ಅಪ್ಪಾಸಾಬ ಬಾಯಿ ತುಂಬ ಎಲೆಯಡಿಕೆ ತುರುಕಿಕೊಂಡ, ಅಂಗಳದ ಕುರಿಗಳನ್ನು ನೋಡಿದ, ಮೂಗಿನಲ್ಲೇ ಕೆಮ್ಮಿದ. ಕೊನೆಗೆ ಎದ್ದು ಹೋಗಿ ಉಗುಳಿ ಬಂದು, "ಇನ್ನೊಮ್ಮಿ ಹಾಕಬೇಕ ಅತ್ತಿ" ಎಂದ. "ಗೊತ್ತೈತೋ ಹುಚ್ಚಾ! ಎಷ್ಟೊತ್ತ ಬಾಯಿ ಮುಚ್ಚಿರ್ತಿ ಅಂತ ನೋಡಾಕತ್ತಿದ್ದೆ" ಎಂದು ಯಮನವ್ವ ನಕ್ಕಳು. "ನನ್ನ ಇಬ್ಬರ ಮಕ್ಕಳಿಗೆ ಕುರಿ ಪಾಲ ಮಾಡಾಕ ಒಬ್ಬ ಮನಷ್ಯಾ ಬೇಕಾಗ್ಯಾನ. ನಾಳಿ ಬಾ." "ಬರ್ತೀನಿ, ಮೊದಲ ಕವಡಿ ಹಾಕು" ಎಂದು ಅಪ್ಪಾಸಾಬ ಕಣ್ಣು ಮುಚ್ಚಿಕೊಂಡ. ಯಮನವ್ವನ ಗರಕ್ಕೆ ಅವನ ಕಾಯಿ ಸತ್ತಿತು. ಕಾಯಿ ಹೊಡೆದವರಿಗೆ ಮತ್ತೊಂದು ಪಾಳಿ ಉಂಟೆಂದು ಹೇಳಿದವನೂ ಅಪ್ಪಾಸಾಬನೇ.